ಚಂದ್ರಿಕೆ ಬಾಡಿಗೆ ಲೆಕ್ಕ

ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ದಾರಿಯಲ್ಲಿ
ನಮ್ಮದೊಂದು ತಗಡಿನ ಶೆಡ್ಡು,
ಒಳಗೆ ಇನ್ನೂರ ಹನ್ನೆರಡು ಚಂದ್ರಿಕೆ.
ಇನ್ನು ಹದಿನಾಲ್ಕರ ಅಂಚು ಬಿಟ್ಟಿದೆ, ಅವು ಲೆಕ್ಕಕ್ಕಿಲ್ಲ.
ಹುಳು ಹಣ್ಣಾದ ದಿನ ಫೋನು ಬರುತ್ತದೆ:
ಮೂವತ್ತು ಬೇಕು, ಈಗಲೇ,
ತಡವಾದರೆ ಗೋಡೆಗೇ ಕಟ್ಟಿಬಿಡುತ್ತವೆ ಗೂಡು.

ಆವತ್ತು ಟೀ ಅಂಗಡಿಯಲ್ಲಿ ಬಾಷಾ ಪೇಪರು ಮಡಚಿ ಓದಿದ:
ಈ ಸಲ ಕಡಲು ಮಾಮೂಲಿಗಿಂತ ಬಿಸಿಯಂತೆ,
ಸೈಕ್ಲೋನು ಮಾಮೂಲಿಗಿಂತ ಹೆಚ್ಚಂತೆ,
ಒಂದೊಂದಕ್ಕೂ ಈಗಲೇ ಹೆಸರಿಟ್ಟಿದ್ದಾರಂತೆ.
ಕೂಸು ಹುಟ್ಟೋ ಮುಂಚೆ ಕುಲಾವಿ, ಅಂದರು ಯಾರೋ.
ಎಲ್ಲ ನಕ್ಕರು. ನಾನೂ ನಕ್ಕೆ.
ಯಾವ ವಾರ ಅಂತ ಕೇಳಿದೆ.
ಬಾಷಾ ಪೇಪರು ತಿರುವಿ ಹಾಕಿ ನೋಡಿದ.
ಅದು ಬರೆದಿಲ್ಲ, ಅಂದ.

ನನಗೆ ಬೇಕಾದದ್ದು ಅದೊಂದೇ.
ಎಷ್ಟು ಅನ್ನುವುದನ್ನು ಕಟ್ಟಿಕೊಂಡು ಏನು ಮಾಡಲಿ?
ಚಾಕಿ ಸೆಂಟರಿಗೆ ತಾರೀಕು ಬೇಕು,
ಸೊಪ್ಪು ಕೊಯ್ಯುವವರಿಗೆ ತಾರೀಕು ಬೇಕು,
ಹುಳಕ್ಕೆ ನಾಲ್ಕು ಜ್ವರ, ನಾಲ್ಕಕ್ಕೂ ತಾರೀಕು.

ಕಡಲು ಕಂಡವನಲ್ಲ ನಾನು.
ಕೋಡಿ ಬಿದ್ದ ಕೆರೆ ಕಂಡಿದ್ದೇನೆ, ಅದೂ ಎರಡೇ ಸಲ.
ಆದರೂ ಅದು ಬಂದರೆ ಗೊತ್ತಾಗುತ್ತದೆ.
ಮೂಡಲಿಂದ ಬೂದುಗಾಳಿ,
ಆಮೇಲೆ ಮೂರು ದಿನ ಬಿಡದ ಜಡಿ,
ಒದ್ದೆ ಸೊಪ್ಪು ತಿಂದು ಮಂಕಾದ ಹುಳು.
ಸುಣ್ಣದ ಪುಡಿ ಎಷ್ಟು ಚೆಲ್ಲಿದರೇನು,
ಹುಳುವೇ ಸುಣ್ಣದ ಕಡ್ಡಿಯಾಗಿ ಬಿಗಿದುಕೊಳ್ಳುತ್ತದೆ.
ಹೋದ ಕಾರ್ತೀಕದಲ್ಲಿ ಗಂಗುಲಪ್ಪನ ಮನೆಗೆ
ನಲವತ್ತು ಚಂದ್ರಿಕೆ ಇಳಿಸಿದ್ದೆ.
ತರಲು ಹೋದಾಗ ಇಟ್ಟ ಹಾಗೇ ಗೋಡೆಗೊರಗಿದ್ದವು,
ಒಂದೆಳೆಯೂ ಅಂಟದೆ.
ಅಕ್ಕಯ್ಯಮ್ಮ ಬಾಡಿಗೆ ಎಣಿಸಿ ಕೊಟ್ಟಳು,
ಒಂದೊಂದು ನೋಟನ್ನೂ ನೀವಿ, ಪೂರ್ತಿ.
ಬೇಡ ಅನ್ನಬೇಕಿತ್ತು.
ಅನ್ನಲಿಲ್ಲ.

ರಾತ್ರಿ ಮಗಳು ಫೋನಿನಲ್ಲಿ ತೋರಿಸಿದಳು
ಮುಗಿಲಿನ ಮೇಲಿಂದ ತೆಗೆದ ಪಟ,
ಯಾವ ವರ್ಷದ್ದೋ, ಯಾವ ಕಡಲಿನದ್ದೋ.
ನಡುವೆ ಒಂದು ತೂತು,
ಅದರ ಸುತ್ತ, ಸುತ್ತಿನ ಸುತ್ತ, ಬಿಳಿ ಓಣಿ.
ಅಪ್ಪಾ, ಚಂದ್ರಿಕೆ! ಅಂದಳು.

ನಾನು ಮೇದಾರ.
ಮೂವತ್ತು ವರ್ಷ ಇದನ್ನೇ ಹೆಣೆದಿದ್ದೇನೆ.
ನಡುವಿನಿಂದ ಹಿಡಿದು ಬಿದಿರ ಪಟ್ಟಿಯನ್ನು
ಎರಡು ಬೆರಳು ಬಿಟ್ಟು, ಎರಡು ಬೆರಳು ಬಿಟ್ಟು
ಹೊರಕ್ಕೆ ನಡೆಸಬೇಕು.
ಬಿಗಿಯಾದರೆ ಜೋಡಿಗೂಡು,
ಸಡಿಲಾದರೆ ಹುಳು ಜಾರಿ ಬೀಳುತ್ತದೆ.
ಪಟವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಎಲ್ಲೂ ಕೈ ತಪ್ಪಿರಲಿಲ್ಲ.
ಹೆದರಿಕೆಯಾದದ್ದು ಅದಕ್ಕೇ.

ಪಿಳ್ಳಮ್ಮ ಮದುವೆಗೆ ಮುಂಚೆ
ರೇಷ್ಮೆ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು,
ಬೆರಳ ತುದಿ ಈಗಲೂ ಬೆಂದ ಬಿಳುಪು.
ಪಟ ನೋಡಿ ಅವಳು ಹೇಳಿದ್ದೇ ಬೇರೆ:
ನೀರು ತಣ್ಣಗಿರೋ ತನಕ ಗೂಡು ಎಳೆ ಬಿಡಲ್ಲ.
ಕಾಯಿಸಿದರೆ ಸಾಕು, ತಾನಾಗೇ ಬರುತ್ತೆ ತುದಿ.
ಆಮೇಲೆ ರಾಟೆ ನಿಲ್ಲಿಸೋದೇ ಕಷ್ಟ.
ಅಷ್ಟು ಹೇಳಿ ಲೈಟು ಆರಿಸಿದಳು.

ಆಶ್ವೀಜ ಮುಗಿಯುತ್ತಾ ಬಂದರೂ ಸೆಕೆ ಬಿಟ್ಟಿಲ್ಲ.
ತಗಡು ಇನ್ನೂ ಹಗಲಿನ ಕಾವನ್ನೇ ಉಗುಳುತ್ತಿದೆ,
ಬನಿಯನ್ನು ಬೆನ್ನಿಗೆ ಅಂಟಿದೆ.
ಶೆಡ್ಡಿಗೆ ಹೋಗಿ ಟಾರ್ಚು ಬೆಳಕಲ್ಲಿ ಪುಸ್ತಕ ತೆಗೆದೆ.
ಕಾರ್ತೀಕದ ಮೊದಲ ವಾರ, ನರೆಪ್ಪ, ಮೂವತ್ತು.
ಮೂರನೇ ವಾರ, ಗಂಗುಲಪ್ಪ, ಮತ್ತೆ ನಲವತ್ತೇ.
ಬಿಡುವ ಆಸಾಮಿಯಲ್ಲ.
ನಡುವಿನ ವಾರಕ್ಕೆ ಇಬ್ಬರು ಕೇಳಿದ್ದರು,
ಯಾಕೋ ಒಪ್ಪಿರಲಿಲ್ಲ.
ಹೆಸರಿನ ಜಾಗ ಬಿಟ್ಟು ಬರೆದೆ:
ಇನ್ನೂರ ಹನ್ನೆರಡು, ಎಲ್ಲಾ.
ಮುಂಗಡ ಅನ್ನುವ ಕಡೆ ಪೆನ್ನು ನಿಂತಿತು.
ಹಣೆಯಿಂದ ಒಂದು ಹನಿ ಬೆವರು
ಅಲ್ಲೇ ಬಿದ್ದು ಶಾಯಿ ಕಲೆಸಿತು.
ಬಂದಿದೆ, ಅಂತ ಬರೆದೆ.

ಅಂಚು ಬಿಟ್ಟ ಹದಿನಾಲ್ಕನ್ನು ನಾಳೆ ಕಟ್ಟಬೇಕು.